ಸೀನಿದ ಕೂಸಿಗೆ ಹೇಳಿದ ಮಾತು

ಸಾವಿರದ ಒಂಬೈನೂರ ಅರವತ್ತರ ಬೇಸಿಗೆಯ ಒಂದು ಮಧ್ಯಾಹ್ನ, ಭದ್ರಾವತಿಯಲ್ಲಿ ದುರ್ಗಮ್ಮನ ಹೆರಿಗೆ ಮಾಡಿಸಿದ ಸೂಲಗಿತ್ತಿ ಕರೀಮಾಬಿಯ ಕೈಗೆ ಉಸಿರಿಲ್ಲದ ಹೆಣ್ಣುಕೂಸು ಬಂತು. ಅವಳು ಅದರ ಬೆನ್ನು ತಿಕ್ಕುತ್ತಿದ್ದಂತೆ ಕೋಣೆ ತಣ್ಣಗಾಯಿತು. ಬಿಸಿನೀರಿನ ಹಬೆ ನಿಂತುಹೋಯಿತು. ಕೂಸು ಸಣ್ಣಗೆ ಸೀನಿತು. ಒಡನೆಯೇ ಖಾಲಿ ಮೂಲೆಯಿಂದ ಮುದುಕಿಯ ದನಿಯೊಂದು ಕರೆಯಿತು: “ಬಾ, ಮಗಾ.”

ಕೂಸಿನ ತುಟಿ ಇನ್ನಷ್ಟು ನೀಲಿಯಾಯಿತು.

“ಕರೀಮಕ್ಕಾ, ಯಾರದು?” ದುರ್ಗಮ್ಮ ಮೂಲೆಯತ್ತ ತಿರುಗಿ ಕೇಳಿದಳು.

ಕೂಸು ಮತ್ತೆ ಸೀನಿತು. ಈ ಸಲ ಆ ದನಿ ಏಳುವ ಮೊದಲೇ ಕರೀಮಾಬಿ ಗಂಟಲು ಹರಿಯುವಂತೆ ಕೂಗಿದಳು: “ನೂರು ವರ್ಷ ಬಾಳು, ನನ್ನವ್ವಾ! ಎಲ್ಲೂ ಹೋಗ್ಬೇಡ!”

ಕೂಸು ಕಿಟಾರನೆ ಅತ್ತಿತು. ಕರೀಮಾಬಿ ಅದನ್ನು ಎತ್ತಿ ಹಿಡಿದು, ಯುದ್ಧ ಗೆದ್ದವಳಂತೆ ನಕ್ಕಳು. ಹೊರಗೆ ಕಾದಿದ್ದ ದುರ್ಗಮ್ಮನ ಗಂಡ ಹುಲಿಯಪ್ಪ ಬೀದಿಗೆಲ್ಲ ಸಕ್ಕರೆ ಹಂಚಿದ.

ಅಂದಿನಿಂದ ಆ ಬೀದಿಯಲ್ಲಿ ಯಾರು ಸೀನಿದರೂ ಪಕ್ಕದವರು ತಡಮಾಡದೆ “ನೂರು ವರ್ಷ ಬಾಳು” ಎನ್ನುತ್ತಾರೆ. ಆದರೆ ಮುದುಕಿಯ ದನಿ ಬಂದಿದ್ದ ಆ ಮೂಲೆಯ ನೆಲ ಅಂದೇ ಒದ್ದೆಯಾಗಿತ್ತು; ಎಷ್ಟು ಒರೆಸಿದರೂ ಬೇಸಿಗೆ ಮುಗಿಯುವವರೆಗೂ ಒಣಗಲಿಲ್ಲ.