ಗುಜರಿಗೆ ಹೋಗದ ಕಂಪ್ಯೂಟರ್

"ಈ ಕಂಪ್ಯೂಟರ್ ಗುಜರಿಗೆ ಹೋದ ದಿನ ನಿನ್ನ ಮದುವೆ ಆಗ್ತೇನೆ" ಎಂದು ರಶ್ಮಿತಾ ಮಾತು ಕೊಟ್ಟು ವರ್ಷಗಳೇ ಆಗಿದ್ದವು. ಮೂರ್ನಾಡಿನಲ್ಲಿ ಅವಳು ಆಮಂತ್ರಣ ಪತ್ರಿಕೆ ಮಾಡಿಕೊಡುವ ಡಿ.ಟಿ.ಪಿ. ಅಂಗಡಿ ತೆರೆದ ಹೊಸತು. ಡೆಸ್ಕ್‌ಟಾಪ್ ಜೋಡಿಸುತ್ತಿದ್ದ ಲೋಹಿತ್ ಸ್ಕ್ರೂ ತಿರುಗಿಸುತ್ತಲೇ, ತಲೆ ಎತ್ತದೆ, "ನನ್ನ ಮದುವೆ ಆಗ್ತೀಯಾ?" ಎಂದು ಕೇಳಿಬಿಟ್ಟಿದ್ದ. ಅವಳಿಗೆ ನಗು ಬಂದಿತ್ತು. ನಗುವಿನ ಬಾಲ ಹಿಡಿದು ಆ ಮಾತೂ ಬಂದಿತ್ತು.

ಆಮೇಲೆ ಇಬ್ಬರೂ ಅದರ ಸುದ್ದಿ ಎತ್ತಲಿಲ್ಲ. ಕಂಪ್ಯೂಟರ್ ಕೆಟ್ಟಾಗಲೆಲ್ಲ ಅವನು ಬಂದ, ಸರಿ ಮಾಡಿದ, ಹೋದ. ಅವನ ಬೈಕಿನ ಸದ್ದು ಕೇಳಿದರೆ ತಾನು ಕನ್ನಡಿ ನೋಡಿಕೊಳ್ಳುತ್ತೇನೆಂಬುದು ಅವಳಿಗೆ ಗೊತ್ತಾದದ್ದು ಬಹಳ ತಡವಾಗಿ.

ಈಗೀಗ ಒಂದು ಕಾರ್ಡಿನ ಡಿಸೈನ್ ತೆರೆದರೂ ಕಂಪ್ಯೂಟರ್ ಏದುಸಿರು ಬಿಡುತ್ತಿತ್ತು. ಆನ್‌ಲೈನಿನಲ್ಲಿ ಹೊಸ ರ‍್ಯಾಮ್ ಪಟ್ಟಿ ತರಿಸಿ ಹಳೆಯ ಮೆಮೊರಿಯ ಪಕ್ಕದ ಸ್ಲಾಟಿಗೆ ತಾನೇ ಹಾಕಿದಳು. ಚಂದಕ್ಕೆ ಕೂತಿತು. ಸ್ವಿಚ್ ಒತ್ತಿದರೆ ಬೀಪ್, ಬೀಪ್, ಬೀಪ್. ಪರದೆ ಕಪ್ಪು.

ಲೋಹಿತ್ ಬಂದು ಕ್ಯಾಬಿನೆಟ್ ಬಿಚ್ಚಿದ. ಪಕ್ಕದ ಟೈಲರ್ ಅಂಗಡಿಯ ಚೋಮಿ ಅಕ್ಕ ಬಾಗಿಲಲ್ಲೇ ನಿಂತಳು.

"ಈ ಮುದುಕನಿಗೆ ಇನ್ನೆಷ್ಟು ಮದ್ದು ಮಾಡ್ತೀಯ? ಗುಜರಿಗೆ ಹಾಕು ಮಾರಾಯ!"

ಗುಜರಿ. ರಶ್ಮಿತಾ ಕಳ್ಳಗಣ್ಣಿನಲ್ಲಿ ಅವನನ್ನು ನೋಡಿದಳು. ಅವನ ಕಿವಿ ಕೆಂಪಾಯಿತೇ? ಅಥವಾ ಬಿಸಿಲೇ?

"ನೋಡುವ ಅಕ್ಕಾ" ಎಂದನಷ್ಟೆ.

'ಮುಗೀತು' ಎಂದು ಅವನು ಒಂದು ಮಾತು ಹೇಳಿದರೆ ಸಾಕಿತ್ತು. ಹೇಳುತ್ತಾನಾ? ಅವಳ ಎದೆ ಆ ಬೀಪಿಗಿಂತ ಜೋರಾಗಿ ಬಡಿಯಿತು.

"ಹಳೇದು ಒಂದೇ ಹಾಕಿದ್ರೆ ಓಡ್ತದೆ. ಹೊಸದು ಯಾವ ಸ್ಲಾಟಿಗೆ ಹಾಕಿದ್ರೂ ಬೀಪ್" ಎಂದ ಲೋಹಿತ್, ಎರಡನ್ನೂ ಅದಲುಬದಲು ಮಾಡಿ ನೋಡಿ.

"ಹಳೇದರ ಹಾಗೇ ಡಿಡಿಆರ್ ತ್ರೀ ಜಾತಿಯದ್ದು ಅಂತ ನೋಡಿಯೇ ತರಿಸಿದ್ದು."

"ಅದೇ. ತಪ್ಪೇನಿಲ್ಲ."

"ಮತ್ತೆ ಯಾಕೆ ಒಪ್ತಿಲ್ಲ?"

ಅವನು ಎರಡನ್ನೂ ಅಂಗೈಯಲ್ಲಿಟ್ಟು ಚಾಚಿದ. ಅವಳು ಬಗ್ಗಿದಳು, ಜಡೆ ಜಾರಿ ಅವನ ಮುಂಗೈ ಮುಟ್ಟಿತು. ಯಾರೂ ಕೈ ತೆಗೆಯಲಿಲ್ಲ.

"ಹಳೇದಕ್ಕೆ ಎರಡೂ ಬದಿ ಚಿಪ್ ಉಂಟು. ಹೊಸದಕ್ಕೆ ಒಂದೇ ಬದಿ" ಎಂದಳು.

"ಅಬ್ಬಾ, ಹಿಡಿದೆ ನೋಡು!" ಅವನ ಕಣ್ಣು ಹೊಳೆಯಿತು. "ಹೊಸದರ ಒಂದೊಂದು ಚಿಪ್ಪಿನಲ್ಲೂ ಮೆಮೊರಿ ದೊಡ್ಡದು. ಈ ಹಳೇ ಬೋರ್ಡಿಗೆ ಅಷ್ಟು ದೊಡ್ಡದನ್ನ ಓದ್ಲಿಕ್ಕೆ ಬರೋದಿಲ್ಲ. ಅಷ್ಟೇ ಮೆಮೊರಿ ಎರಡೂ ಬದಿಗೆ ಹಂಚಿಕೊಂಡಿರೋದು ಬೇಕು."

"ಸಿಗ್ತದಾ?"

"ಅಂಗಡಿಯಲ್ಲಿ ಕಷ್ಟ. ಹುಡುಕ್ತೇನೆ."

ಹುಡುಕುತ್ತಾನಂತೆ! ಅವನಿಗೆ ಆ ಮಾತು ಮರೆತೇಹೋಗಿದೆ. ಇಲ್ಲವೇ, ನೆನಪಿದ್ದೂ ಬೇಡವಾಗಿದೆ. ಅವನು ಹೋದ ಮೇಲೆ ಕಪ್ಪು ಪರದೆಯಲ್ಲಿ ತನ್ನ ಮುಖವೇ ಅವಳಿಗೆ ಪೆಚ್ಚಾಗಿ ಕಂಡಿತು.

ವಾರ ತುಂಬುವ ಮೊದಲೇ ಬೈಕ್ ಬಂತು. ಬಟ್ಟೆಯಿಡೀ ಧೂಳು, ಮುಖದಲ್ಲಿ ಗೆದ್ದ ಕಳೆ. ಎರಡೂ ಬದಿ ಚಿಪ್ ಇದ್ದ ಮೆಮೊರಿಯೊಂದನ್ನು ಜೇಬಿನಿಂದ ತೆಗೆದು ಸ್ಲಾಟಿಗೆ ಸೇರಿಸಿದ. ಬೀಪ್ ಇಲ್ಲ, ಪರದೆ ಬೆಳಗಿತು.

"ಎಲ್ಲಿ ಸಿಕ್ತು?"

"ಗುಜರಿಯಲ್ಲಿ. ಪಾಲಿಬೆಟ್ಟದ ಒಂದು ಎಸ್ಟೇಟ್ ಆಫೀಸಿನ ಹಳೇ ಸಿಸ್ಟಮ್ ಬಿದ್ದಿತ್ತು."

ಅವಳಿಗೆ ಸಿಟ್ಟು, ನಗು ಒಟ್ಟೊಟ್ಟಿಗೆ ಬಂದವು. "ಎಲ್ಲರದ್ದೂ ಗುಜರಿಗೆ ಹೋಗ್ತದೆ, ನನ್ನದು ಮಾತ್ರ ಅಲ್ಲಿಂದ ಆಯುಷ್ಯ ತರ್ತದೆ! ನಿನಗೆ ಏನೂ ನೆನಪಿಲ್ವಾ ಲೋಹಿತ್?"

ಸ್ಕ್ರೂಡ್ರೈವರ್ ನಿಂತಿತು.

"ಇದನ್ನ ಬಿಚ್ಚುವಾಗಲೆಲ್ಲ ನೆನಪಾಗ್ತದೆ."

"ಮತ್ತೆ? ಮುಗೀತು ಅಂತ ಒಂದು ಸುಳ್ಳು ಹೇಳ್ಬಹುದಿತ್ತಲ್ಲ!"

"ನಿನಗಾ? ಮದುವೆ ಆದ ಮೇಲೆ ನೀನೇ ಇದನ್ನ ಬಿಚ್ಚಿ, ಓಡಿಸಿ, ಜೀವಮಾನವಿಡೀ ನನ್ನನ್ನ ಸುಳ್ಳುಗಾರ ಅಂತಿದ್ದೆ." ಆಮೇಲೆ ಅವನ ದನಿ ತಗ್ಗಿತು. "ಹೆದರಿಕೆಯೂ ಇತ್ತು. ಇದು ಹೋದ ದಿನ ನೀನು, ಅಯ್ಯೋ ತಮಾಷೆಗೆ ಹೇಳಿದ್ದು ಅಂದುಬಿಟ್ರೆ? ಇದು ಓಡ್ತಾ ಇದ್ರೆ ಕಾಯ್ತಾ ಇರ್ಬಹುದಲ್ವಾ."

ಅವಳು ಅವನನ್ನು ಸರಿಸಿ ಕುರ್ಚಿಯಲ್ಲಿ ಕೂತು, ಖಾಲಿ ಮದುವೆ ಕಾರ್ಡೊಂದನ್ನು ತೆರೆದಳು. ಏದುಸಿರಿಲ್ಲದೆ ಥಟ್ಟನೆ ತೆರೆಯಿತು. ತನ್ನ ಹೆಸರು ಹೊಡೆದಳು.

"ನಿನ್ನ ಹೆಸರಿಗೆ 'ಲೋ' ದೀರ್ಘ ಅಲ್ವಾ?"

"ಹೌದು" ಎನ್ನುತ್ತ ಅವನು ಸ್ಕ್ರೂಡ್ರೈವರ್ ಕೆಳಗಿಟ್ಟು ಪರದೆಗೆ ಬಗ್ಗಿದ.

ರಶ್ಮಿತಾ ಕೊಟ್ಟ ಮಾತು ಉಳಿಸಿಕೊಳ್ಳಲಿಲ್ಲ. ಕಂಪ್ಯೂಟರ್ ಓಡುತ್ತಿರುವಾಗಲೇ ಅವನನ್ನು ಮದುವೆಯಾದಳು.