ಕುರಕುಂಭದ ತನಕ

ಅತಿಥಿಗೃಹದ ಒಡತಿ ಇಬ್ಬರನ್ನೂ ಒಮ್ಮೆ ನೋಡಿ, ಮೇಜಿನ ಮೇಲೆ ಎರಡು ಚಾವಿ ಇಟ್ಟಳು. ನಾಲ್ಕನೇ ನಂಬರಿನದೊಂದು, ಐದನೇ ನಂಬರಿನದೊಂದು.

ಕಿಶೋರ ಮೇಜಿನ ಹತ್ತಿರ ನಿಂತಿದ್ದ. ನರ್ಮದಾ ಬೆನ್ನಿನ ಸ್ಯಾಕ್ ಇಳಿಸಿ, ಬಾಗಿಲಲ್ಲಿ ನಿಂತು ಬೀದಿಯ ಹಳದಿ ಗೋಡೆಗಳನ್ನು ನೋಡುತ್ತಿದ್ದಳು. ಅವರ ನಡುವೆ ಮತ್ತಿಬ್ಬರು ಆರಾಮಾಗಿ ನಿಲ್ಲುವಷ್ಟು ಜಾಗವಿತ್ತು. ಪಾಸ್‌ಪೋರ್ಟುಗಳಲ್ಲಿ ಅಡ್ಡಹೆಸರೂ ಬೇರೆ ಬೇರೆ. ಇವರು ಗಂಡ ಹೆಂಡತಿ ಎಂದು ಆಕೆಗೆ ಅನ್ನಿಸದೇ ಹೋದದ್ದು ಆಕೆಯ ತಪ್ಪಲ್ಲ.

ಈಗ ಹೇಳುತ್ತಾನೆ ಎಂದು ನರ್ಮದಾ ಕಾದಳು. ಒಂದೇ ಕೋಣೆ ಸಾಕು, ಇವಳು ನನ್ನ ಹೆಂಡತಿ ಎನ್ನುತ್ತಾನೆ. ಕಿಶೋರ ಚಾವಿಗಳನ್ನು ನೋಡಿದ, ಅವಳ ಮುಖ ನೋಡಿದ, ಮತ್ತೆ ಚಾವಿಗಳನ್ನು ನೋಡಿದ.

“ಇರ್ಲಿ ಬಿಡು. ನಿನಗೂ ಆರಾಮ ಆಗ್ತದ,” ಎಂದು ಐದನೆಯದನ್ನು ಅವಳ ಕಡೆ ಚಾಚಿದ.

ಅವಳು ತೆಗೆದುಕೊಂಡಳು. ವಿಯೆಟ್ನಾಮಿನ ಹೋಯಿ ಆನ್ ಎಂಬ ಹಳೆಯ ಪಟ್ಟಣ ಅದು. ೨೦೦೬ರ ಮೇ ತಿಂಗಳು. ಮದುವೆಯಾಗಿ ಮೂರು ವರ್ಷವಾಗಿತ್ತು.

ಪುಣೆಯ ಸದಾಶಿವ ಪೇಠದಲ್ಲಿ ಅವರದು ಎರಡು ಕೋಣೆಯ ಮನೆ. ಅತ್ತೆ ಶಿವಗಂಗವ್ವ, ಬಟ್ಟೆ ಅಂಗಡಿಯಲ್ಲಿ ಗುಮಾಸ್ತರಾಗಿದ್ದ ಮಾವ, ಪರೀಕ್ಷೆಗೆ ಓದುವ ನಾದಿನಿ ಆರತಿ, ಮತ್ತು ಇವರಿಬ್ಬರು. ವಿಜಾಪುರ ಜಿಲ್ಲೆಯ ಇಂಡಿ ತಾಲೂಕಿನ ಕಡೆಯಿಂದ ಬಂದು ನಲವತ್ತು ವರ್ಷವಾದ ಮನೆತನ. ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಮರಾಠಿ ಶಾಲೆಯಲ್ಲಿ ಕಲಿತ ಕಿಶೋರನಿಗೆ ಕನ್ನಡ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ.

ಗಂಡ ಹೆಂಡತಿಯ ಪಾಲಿಗೆ ಬಂದದ್ದು ಅಡಿಗೆಮನೆಯ ಪಕ್ಕದಲ್ಲಿ ಪರದೆ ಎಳೆದ ಒಂದು ಮೂಲೆ. ಅಲ್ಲಿ ಪಿಸುಗುಟ್ಟಿದರೂ ಆರತಿಯ ಪುಸ್ತಕದ ತನಕ ಕೇಳುತ್ತಿತ್ತು. ನಸುಕಿನಲ್ಲೇ ಅವನು ರಾಂಜಣಗಾಂವದ ಫ್ಯಾಕ್ಟರಿಯ ಬಸ್ಸು ಹಿಡಿಯುತ್ತಿದ್ದ. ಅವನು ಮರಳುವ ಹೊತ್ತಿಗೆ ಅವಳು ಕೋಚಿಂಗ್ ಕ್ಲಾಸಿನಲ್ಲಿ ಗಣಿತದ ಪೇಪರು ತಿದ್ದುತ್ತಿರುತ್ತಿದ್ದಳು. ಊಟ ಆಯ್ತೇನು, ಆಯ್ತು. ನೀರು ಬಂತೇನು, ಬಂತು. ದಿನದ ಮಾತು ಅಲ್ಲಿಗೆ ಮುಗಿಯುತ್ತಿತ್ತು.

ಅವನು ಕೆಟ್ಟವನಲ್ಲ. ಅದೇ ಕಷ್ಟವಾಗಿತ್ತು. ಕೆಟ್ಟವನಾಗಿದ್ದರೆ ಸಿಂದಗಿಯ ತವರಿಗೆ ಫೋನು ಮಾಡಿ ಹೇಳಿಕೊಳ್ಳಬಹುದಿತ್ತು. ಯಾರೂ ಏನೂ ಅನ್ನದ ಮನೆಯಲ್ಲಿ ಒಂಟಿಯಾಗಿದ್ದೇನೆ ಎಂದು ಯಾರಿಗೆ, ಹೇಗೆ ಹೇಳುವುದು?

ಮಾರ್ಚಿನಲ್ಲಿ ಅವಳ ಅಪ್ಪ ಒಂದು ಲಕೋಟೆ ಕಳಿಸಿದ್ದರು. ಮದುವೆಗೆ ಮೊದಲು ಅವಳು ಅರ್ಜಿ ಹಾಕಿದ್ದ ಶಿಕ್ಷಕರ ಹುದ್ದೆಯ ನೇಮಕಾತಿ ಆದೇಶ, ಇಷ್ಟು ವರ್ಷ ತಡವಾಗಿ ಬಂದದ್ದು. ಸಿಂದಗಿ ಹತ್ತಿರದ ಹಳ್ಳಿ ಶಾಲೆ. ಜೂನ್ ಹತ್ತರೊಳಗೆ ಹಾಜರಾಗಬೇಕು. ಅವಳು ಅದನ್ನು ಪಾಸ್‌ಪೋರ್ಟಿನ ಫೈಲಿನಲ್ಲಿ ಮುಚ್ಚಿಟ್ಟಳು. ಮೊದಲು ಗಂಡನಿಗೆ ಹೇಳಬೇಕು, ಅವನೊಬ್ಬನಿಗೇ ಹೇಳಬೇಕು. ಆ ಮನೆಯಲ್ಲಿ ಒಬ್ಬರಿಗೇ ಹೇಳುವ ಜಾಗ ಎಲ್ಲೂ ಇರಲಿಲ್ಲ.

ಅಷ್ಟರಲ್ಲಿ ಕಿಶೋರನೇ ವಿಯೆಟ್ನಾಮಿನ ಮಾತು ತೆಗೆದ. ಮದುವೆಗೆ ಮೊದಲು ಭಾನುವಾರ ಬಂದರೆ ಸ್ಯಾಕ್ ಹೊತ್ತು ಸಹ್ಯಾದ್ರಿಯ ಕೋಟೆಗಳನ್ನು ಹತ್ತುತ್ತಿದ್ದವನು ಅವನು. ಮೇ ತಿಂಗಳಲ್ಲಿ ಫ್ಯಾಕ್ಟರಿ ಎರಡು ವಾರ ಮುಚ್ಚುತ್ತದೆ, ಗೆಳೆಯ ಸ್ವಪ್ನಿಲ್ ಹೋಗಿ ಬಂದಿದ್ದಾನೆ, ನಾವೂ ಹೋಗೋಣ ಎಂದ. ಅವಳು ಎರಡನೇ ಮಾತಿಲ್ಲದೆ ಒಪ್ಪಿದಳು. ಅಲ್ಲಿ ನಾಲ್ಕು ಗೋಡೆಗಳ ನಡುವೆ ಇಬ್ಬರೇ ಇರುತ್ತೇವೆ, ಹೇಳಿಬಿಡುತ್ತೇನೆ ಎಂದುಕೊಂಡಳು. ಮೊದಲ ಊರುಗಳಲ್ಲಿ ಹತ್ತು ಹಾಸಿಗೆಯ ಡಾರ್ಮಿಟರಿ ಸಿಕ್ಕಿತು. ಇಲ್ಲಿ ನಾಲ್ಕು ಗೋಡೆ ಸಿಕ್ಕವು, ಒಬ್ಬೊಬ್ಬರಿಗೆ ನಾಲ್ಕು ನಾಲ್ಕು.

ಮರುದಿನ ಬಾಡಿಗೆ ಸೈಕಲ್ಲಿನಲ್ಲಿ ಗದ್ದೆಗಳ ನಡುವೆ ಹೋದರು. ಅವನು ಸದಾ ಮುಂದೆ. ಪ್ರತಿ ತಿರುವಿನಲ್ಲೂ ಕಾಲೂರಿ ನಿಲ್ಲುತ್ತಿದ್ದ. ಅವಳು ಹತ್ತಿರ ಬಂದ ಸದ್ದಾದೊಡನೆ ತಿರುಗಿ ನೋಡದೆ ಮತ್ತೆ ಹೊರಡುತ್ತಿದ್ದ. ಅವನಿಗೆ ಅವಸರ ಎಂದುಕೊಂಡಳು. ಆ ಊರಿನಲ್ಲಿ ಸಸ್ಯಾಹಾರಕ್ಕೆ ‘ಚಾಯ್’ ಅನ್ನುತ್ತಾರೆ ಎಂದು ಅವನು ಯಾರಿಂದಲೋ ಕಲಿತಿದ್ದ. ನದಿಯ ದಂಡೆಯ ಹೋಟೆಲಿನಲ್ಲಿ ಚಾಯ್, ಚಾಯ್ ಎಂದು ಹೇಳಿ ಅನ್ನ, ಹುರಿದ ಸೊಪ್ಪು ತರಿಸಿದ. ಅನ್ನ ಉಂಡ ಮೇಲೆ ನಿಜವಾದ ಚಹಾ ಬೇಕಾಯಿತು. ಮತ್ತೆ ಚಾಯ್ ಅಂದ. ಇನ್ನೊಂದು ತಟ್ಟೆ ಅನ್ನ ಬಂತು.

ನರ್ಮದಾ ನಕ್ಕಳು. ಅವನು ತಟ್ಟನೆ ತಲೆಯೆತ್ತಿ ನೋಡಿದ, ಆ ನಗು ಯಾರದೆಂದು ತಿಳಿಯದವನ ಹಾಗೆ.

ಸಂಜೆ ವ್ಯಾಪಾರಿಯೊಬ್ಬನ ಹಳೆಯ ಕಾಲದ ಮನೆ ನೋಡಲು ಹೋದಾಗ, ನೆರೆ ಬಂದ ವರ್ಷಗಳಲ್ಲಿ ನೀರು ಎಲ್ಲಿಯ ತನಕ ಏರಿತ್ತೆಂದು ಮರದ ಕಂಬದ ಮೇಲೆ ಗುರುತು ಮಾಡಿದ್ದರು. ಇಷ್ಟು ನೀರು ಬಂದರೆ ನೀನು ಮುಳುಗುತ್ತೀ ಎಂದು ಕಿಶೋರ ಅವಳ ತಲೆಯ ಮೇಲೆ ಅಂಗೈ ಹಿಡಿದ. ಕೂದಲಿಗೂ ಕೈಗೂ ನಡುವೆ ಒಂದು ಬೆರಳಿನಷ್ಟು ಗಾಳಿ. ಅವಳು ಅಲುಗಾಡಲಿಲ್ಲ. ಕೈ ಇಳಿಯಲಿಲ್ಲ. ಬೇರೆ ಪ್ರವಾಸಿಗಳು ಬಂದರು, ಇಬ್ಬರೂ ಸರಿದು ದಾರಿ ಬಿಟ್ಟರು.

ಮೂರನೆಯ ದಿನ ಮಧ್ಯಾಹ್ನ ಬಿಸಿಲಿಗೆ ಊರೇ ಬಾಗಿಲು ಹಾಕಿಕೊಂಡಿತ್ತು. ನರ್ಮದಾ ತನ್ನ ಕೋಣೆಯಲ್ಲಿ ಮಲಗಿದ್ದಳು. ನಡುವಿನ ಗೋಡೆ ಬರೀ ಹಲಗೆಯದು. ಅದರಾಚೆ ಕಿಶೋರ ಯಾರೊಡನೆಯೋ ಮೆಲ್ಲಗೆ ಮಾತಾಡುತ್ತಿದ್ದ. ಇಷ್ಟು ಮೃದುವಾಗಿ ಅವನು ತನ್ನೊಡನೆ ಎಂದೂ ಮಾತಾಡಿರಲಿಲ್ಲ. ಎದ್ದು ಹಲಗೆಗೆ ಕಿವಿಯಿಟ್ಟಳು.

“ಮ, ರ. ಮರ. ವ, ನ. ವನ.”

ಚಿಕ್ಕ ಮಕ್ಕಳ ಹಾಗೆ ಅಕ್ಷರ ಕೂಡಿಸಿ ಕನ್ನಡ ಓದುತ್ತಿದ್ದ. ಆಮೇಲೆ, “ನ, ಮ,” ಎಂದು ನಿಂತ. ಮ ಆದ ಮೇಲೆ ಇದೇನೋ ಕೊಂಡಿ ಎಂದು ಗೊಣಗಿದ. “ನ, ಮ, ದಾ.” ಮೂರು ಸಲವೂ ಅಲ್ಲೇ ಎಡವಿದ.

ತನ್ನದೇ ಹೆಸರು ಎಂದು ಅವಳಿಗೆ ಹೊಳೆಯಲು ಒಂದು ಗಳಿಗೆ ಬೇಕಾಯಿತು.

“ಅದು ಅರ್ಕಾವತ್ತು ರೀ,” ಎಂದಳು ಗೋಡೆಗೆ. “ಆಮ್ಯಾಲ ಬರೀತಾರ, ಮೊದಲ ಓದಬೇಕು. ನರ್ಮದಾ.”

ಆ ಕಡೆ ಮಂಚ ಕಿರುಗುಟ್ಟಿತು.

“ಕನ್ನಡ ಯಾಕ ಕಲಿಯಾಕತ್ತೀರಿ?”

“ನೀ ಸಿಂದಗಿಗೆ ಹ್ವಾದ ಮ್ಯಾಲ ಪತ್ರ ಬರೀಬೇಕಲ್ಲ. ಫೋನಿನಾಗ ನನಗ ಮಾತು ಬರೂದಿಲ್ಲ.”

ಅವಳು ಅಲ್ಲೇ ನೆಲದ ಮೇಲೆ ಕುಳಿತಳು. ಅವನು ಹಲಗೆಯ ಆಚೆಯಿಂದ ಎಲ್ಲವನ್ನೂ ಹೇಳಿದ. ಹೋಳಿ ಆದ ವಾರ ವೀಸಾ ಅರ್ಜಿಗೆಂದು ಫೈಲು ತೆಗೆದಾಗ ಆ ಕಾಗದ ಕಂಡಿತ್ತು. ಸರಕಾರಿ ಮುದ್ರೆ ಬಿಟ್ಟರೆ ಏನೂ ತಿಳಿಯಲಿಲ್ಲ. ಫ್ಯಾಕ್ಟರಿಯ ಪ್ಯಾಕಿಂಗ್ ವಿಭಾಗದಲ್ಲಿ ಸೇಡಂ ಕಡೆಯ ಲಾಲಪ್ಪ ಎಂಬವನಿದ್ದ, ಅವನಿಂದ ಓದಿಸಿದ. ತನ್ನ ಮಗಳ ಒಂದನೇ ಇಯತ್ತೆಯ ಕನ್ನಡ ಪುಸ್ತಕವನ್ನೂ ಲಾಲಪ್ಪನೇ ಕೊಟ್ಟಿದ್ದ. ಎರಡು ತಿಂಗಳಿಂದ ಕಂಪನಿ ಬಸ್ಸಿನಲ್ಲಿ ಕಿಶೋರ ಅದನ್ನು ಓದುತ್ತಿದ್ದ.

“ಅವತ್ತ ಯಾಕ ಕೇಳಲಿಲ್ಲ?”

“ನೀನಾಗಿ ಹೇಳ್ತಿ ಅಂತ ಕಾದೆ. ನೀ ಹೇಳಲಿಲ್ಲ. ನನ್ನ ಬಿಟ್ಟು ಹೋಗಾಕ ಮನಸ್ಸು ಮಾಡ್ಯಾಳ ಅಂದ್ಕೊಂಡೆ. ಆಕಿ ಎರಡು ಚಾವಿ ಇಟ್ಟಾಗ ನಿನ್ನ ಮಾರಿ ನೋಡಿದೆ. ನೀ ಏನೂ ಅನ್ನಲಿಲ್ಲ.”

“ನಾ ನಿಮ್ಮ ಮಾರಿ ನೋಡಾಕತ್ತಿದ್ದೆ.”

ಆಚೆಯಿಂದ ಒಂದು ನಗು ಬಂತು, ಅರ್ಧ ಉಸಿರು, ಅರ್ಧ ನಗು. ಅವಳು ಹಲಗೆಯ ಮೇಲೆ ಅಂಗೈ ಇಟ್ಟಳು. ಅವನೂ ಇಟ್ಟಿದ್ದನೋ ಇಲ್ಲವೋ ತಿಳಿಯಲಿಲ್ಲ. ಹಲಗೆ ಬೆಚ್ಚಗಿತ್ತು, ಮಧ್ಯಾಹ್ನದ ಬಿಸಿಲಿಗೂ ಇರಬಹುದು.

“ಒಂದು ಚಾವಿ ವಾಪಸ್ ಕೊಟ್ಟು ಬರ್ರಿ,” ಎಂದಳು.

ಅವನು ಚಪ್ಪಲಿಯನ್ನೂ ಮೆಟ್ಟದೆ ಕೆಳಗಿಳಿದ. ಒಡತಿಗೆ ಏನು ಹೇಳಿದನೋ, ಹೇಗೆ ಹೇಳಿದನೋ, ಸಂಜೆ ಇಬ್ಬರೂ ಹೊರಗೆ ಹೊರಟಾಗ ಆಕೆ ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕಳು, ಎರಡು ಸಲ ತಲೆಬಾಗಿ ಕ್ಷಮೆ ಕೇಳಿದಳು.

ಇನ್ನೆರಡು ದಿನ ಅವರು ಆ ಊರಿನಲ್ಲಿದ್ದರು. ತಿರುವಿನಲ್ಲಿ ನಿಲ್ಲುತ್ತಿದ್ದದ್ದು ಅವಸರಕ್ಕಲ್ಲ, ಅವಳ ಸೈಕಲ್ಲಿನ ಸದ್ದು ಕೇಳುವ ತನಕ ಮನಸ್ಸು ತಡೆಯುತ್ತಿರಲಿಲ್ಲ ಎಂದು ಅವನು ಒಪ್ಪಿಕೊಂಡ. ಮೂರು ವರ್ಷ ಆಡದ ಮಾತುಗಳನ್ನು ಬೀದಿಯಲ್ಲೇ ಜೋರಾಗಿ ಆಡಿದರು. ಅಲ್ಲಿ ಯಾರಿಗೂ ಕನ್ನಡ ತಿಳಿಯುತ್ತಿರಲಿಲ್ಲ. ಅವ್ವನಿಗೆ ನಾನೇ ಹೇಳುತ್ತೇನೆ, ಸಿಕ್ಕ ಕೆಲಸ ಬಿಡಬೇಡ ಎಂದ. ಅವಳು ಬಯಸಿದ್ದೂ ಅದನ್ನೇ. ಆದರೂ ಒಮ್ಮೆ, ಒಂದೇ ಒಂದು ಸಲ, ಹೋಗಬೇಡ ಎನ್ನಲಿ ಎಂದು ಅವಳ ಮನಸ್ಸು ಕಾಯುತ್ತಿತ್ತು. ಅವನು ಅನ್ನಲಿಲ್ಲ.

ಪುಣೆಗೆ ಮರಳಿದ ಮೇಲೆ ಮತ್ತೆ ಅದೇ ಪರದೆ, ಅದೇ ಮೂಲೆ. ಕಿಶೋರ ಮಾತು ಉಳಿಸಿಕೊಂಡ. ಶಿವಗಂಗವ್ವ ಎರಡು ದಿನ ಸೊಸೆಯ ಜೊತೆ ಮಾತು ಬಿಟ್ಟಳು. ಮೂರನೆಯ ದಿನ ಶೇಂಗಾ ಹುರಿದು ಚಟ್ನಿ ಕುಟ್ಟಿ, ಡಬ್ಬಿ ತುಂಬಿ ಅವಳ ಬ್ಯಾಗಿನ ಪಕ್ಕ ಇಟ್ಟಳು.

ಜೂನ್ ಎಂಟರ ಬೆಳಿಗ್ಗೆ ಸ್ವಾರಗೇಟಿನಿಂದ ವಿಜಾಪುರದ ಬಸ್ಸು. ಕಿಶೋರ ರಜೆ ಹಾಕಿದ್ದ. ಬ್ಯಾಗನ್ನು ಮೇಲಿಟ್ಟವನು ಇಳಿಯಲಿಲ್ಲ, ಪಕ್ಕದಲ್ಲಿ ಕುಳಿತ. ಊರಂಚಿನ ಹಡಪಸರದ ತನಕ ಬರುತ್ತೇನೆ ಎಂದ. ಹಡಪಸರ ಬಂತು, ಹೋಯಿತು. ಕಂಡಕ್ಟರನಿಗೆ ಯವತ ಎಂದು ಟಿಕೆಟು ತೆಗೆಸಿದ. ಯವತದಲ್ಲಿ ಮತ್ತೆ ಕುರಕುಂಭ ಎಂದ. ಕಂಡಕ್ಟರ ಇಬ್ಬರ ಮುಖ ನೋಡಿ ಟಿಕೆಟು ಹರಿದು ಕೊಟ್ಟ. ಅವರ ಮೊಣಕೈಗಳು ತಾಗಿದ್ದವು. ಮಾತು ಇರಲಿಲ್ಲ, ಸದಾಶಿವ ಪೇಠದ ಮೌನವೇ ಬಸ್ಸು ಹತ್ತಿ ಜೊತೆಗೆ ಬಂದಿದೆಯೋ ಎಂದು ಅವಳಿಗೆ ಭಯವಾಯಿತು.

ಕುರಕುಂಭದ ರಾಸಾಯನಿಕ ಕಾರ್ಖಾನೆಗಳ ವಾಸನೆ ಕಿಟಕಿಯಿಂದ ಒಳಗೆ ಬಂತು. ಕಿಶೋರ ಎದ್ದು ನಿಂತ, ಮೇಲಿನ ಸರಳು ಹಿಡಿದ.

“ಹೋಗಬ್ಯಾಡ ಅಂತ ದಿನಾ ಅನಸ್ತದ, ನರ್ಮದಾ. ಎದ್ದ ಕೂಡ್ಲೆ ಅನಸ್ತದ.”

ಅವಳು ತಲೆಯೆತ್ತಿದಳು. “ಮತ್ತ ಇಷ್ಟು ದಿನ ಯಾಕ ಅನ್ನಲಿಲ್ಲ?”

“ಅಂದಿದ್ರ ನೀ ಉಳೀತಿದ್ದಿ.”

“ಈಗ ಯಾಕ ಹೇಳಿದ್ರಿ?”

“ಈಗ ನೀ ಬಸ್ಸಿನಾಗ ಕುಂತಿ. ಈಗ ಹೇಳಿದ್ರ ನಡೀತದ.”

ಬಸ್ಸು ನಿಂತಿತು. ಜನರ ಮುಂದೆ ಎಂದೂ ಅವಳ ಕೈ ಮುಟ್ಟದವನು ಅವಳ ಕೆನ್ನೆಗೆ ಅಂಗೈ ಒತ್ತಿ, ಇಳಿದುಹೋದ. ರಸ್ತೆಯ ಪಕ್ಕ, ಲಾರಿಗಳ ಧೂಳಿನಲ್ಲಿ, ಪುಣೆಯ ಕಡೆಗೆ ಹೋಗಬೇಕಾದವನು ಅವಳ ಬಸ್ಸು ಹೊರಟ ಇಂದಾಪುರದ ಕಡೆಗೇ ಮುಖ ಮಾಡಿ ನಿಂತಿದ್ದ. ಬಸ್ಸು ತಿರುವು ದಾಟುವ ತನಕ ಅವಳು ನೋಡಿದಳು. ಕಣ್ಣು ತುಂಬಿ ಹರಿಯಿತು, ಒರೆಸಿಕೊಳ್ಳಬೇಕು ಅನ್ನಿಸಲಿಲ್ಲ. ಮೂರು ವರ್ಷ ಅವಳಿಗೆ ನೆನೆಯಲು ಯಾರೂ ಇರಲಿಲ್ಲ. ಇವತ್ತು ಒಬ್ಬನಿದ್ದ.

ಮುಂದಿನ ನಿಲ್ದಾಣದಲ್ಲಿ ಹತ್ತಿದ ಮುದುಕಿಯೊಬ್ಬಳು ಪಕ್ಕದ ಖಾಲಿ ಸೀಟು ತೋರಿಸಿ, ಇಲ್ಲಿ ಯಾರಾದರೂ ಇದ್ದಾರೇನು ಎಂದು ಮರಾಠಿಯಲ್ಲಿ ಕೇಳಿದಳು. ನರ್ಮದಾ ಹೌದೆಂದು ತಲೆಯಾಡಿಸಿದಳು. ಭಿಗವಣ ದಾಟುವ ತನಕ ಮುದುಕಿ ಸರಳು ಹಿಡಿದು ತೂಗಾಡುತ್ತ ನಿಂತೇ ಇದ್ದಳು. ನರ್ಮದಾಗೆ ನಾಚಿಕೆಯಾಯಿತು. ಎದ್ದು ಆಕೆಗೆ ತನ್ನ ಕಿಟಕಿಯ ಸೀಟು ಕೊಟ್ಟು, ಅವನು ಕುಳಿತಿದ್ದ ಜಾಗಕ್ಕೆ ತಾನು ಸರಿದು ಕುಳಿತಳು.