ರಿಲೇ ಗುಂಡಿಯ ಮೇಲಿನ ವಿಭೂತಿ

ಗುರುವಾರ ಬೆಳಿಗ್ಗೆ ಹತ್ತೂಕಾಲಿಗೆ ಹಿಂದೂಪುರದ ಠಾಣೆಗೆ ದೂರು ಬಂತು. ತಂದವರು ಊರಾಚೆಯ ಕಡಲೆಕಾಯಿ ಎಣ್ಣೆ ಕಾರ್ಖಾನೆಯ ಮ್ಯಾನೇಜರ್ ರಘುನಾಥ್. ಬುಧವಾರ ಮಧ್ಯಾಹ್ನ ದೊಡ್ಡ ಮೋಟಾರು ಹೊತ್ತಿ ಉರಿದಿದೆ. ಆರಿಸಲು ಹೋದ ಕೆಲಸಗಾರ ಅಶೋಕನ ಎರಡೂ ಕೈ ಸುಟ್ಟಿವೆ. ಮೋಟಾರನ್ನು ಕಾಯುವ ರಿಲೇಯನ್ನು ಯಾರೋ ತಿದ್ದಿದ್ದಾರೆ. ಎಲೆಕ್ಟ್ರಿಷಿಯನ್ ವಂಶಿಯ ಮೇಲೆ ಅನುಮಾನ. ಇನ್‌ಸ್ಪೆಕ್ಟರ್ ಭ್ರಮರಾಂಬ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೇಬಲ್ ರುದ್ರೇಶನೊಂದಿಗೆ ಹೊರಟರು.

ಜೀಪು ದಾರಿಯುದ್ದಕ್ಕೂ ಕಟಕಟ ಅನ್ನುತ್ತಿತ್ತು. "ಇದುಕ್ಕೂ ವಯಸ್ಸಾಯ್ತು ಮೇಡಂ. ಮೂಳೆಮೂಳೆ ಮಾತಾಡ್ತದೆ," ಎಂದ ರುದ್ರೇಶ.

ಕಾರ್ಖಾನೆಯೊಳಗೆ ಕಾಲಿಟ್ಟದ್ದೇ, ಸುಟ್ಟ ವಾಸನೆಯ ಅಡಿಯಿಂದ ಕಡಲೆ ಹಿಂಡಿಯ ವಾಸನೆ ಮೂಗಿಗೆ ಬಂತು. ಭ್ರಮರಾಂಬರ ಹೆಜ್ಜೆ ನಿಧಾನವಾಯಿತು. ಕಲ್ಯಾಣದುರ್ಗದಲ್ಲಿ ಅವರ ಮನೆ ಎಣ್ಣೆ ಮಿಲ್ಲಿನ ಹಿಂದಿನ ಬೀದಿಯಲ್ಲಿತ್ತು. ಮೋಟಾರು ಗುಂಯ್ ಎಂದು ಎದ್ದಾಗ ಅಮ್ಮ ಚಿನ್ನಕ್ಕ ಒಲೆ ಹಚ್ಚುತ್ತಿದ್ದಳು. ಅದು ನಿಂತಾಗ ಬೀದಿಯ ಮಕ್ಕಳೆಲ್ಲ ದೀಪಕ್ಕೆ ಕೈಮುಗಿಯಲು ಒಳಗೆ ಓಡಬೇಕಿತ್ತು.

"ಈ ಮೋಟಾರು ಎಲ್ಲಿಯದು?"

"ಕಲ್ಯಾಣದುರ್ಗದ ಮಿಲ್ ಮುಚ್ಚಿದಾಗ ತಂದಿದ್ದು," ಎಂದರು ರಘುನಾಥ್.

ಮಸಿ ಹಿಡಿದ ಆ ಕಬ್ಬಿಣವನ್ನು ಭ್ರಮರಾಂಬ ಸ್ವಲ್ಪ ಹೊತ್ತು ನೋಡುತ್ತ ನಿಂತರು. ಹುಟ್ಟೂರಿನ ದೇವರೊಂದು ಯಾರದೋ ಊರಿನಲ್ಲಿ ಒರಗಿ ಬಿದ್ದಂತಿತ್ತು. ಆಮೇಲೆ ವಂಶಿಯತ್ತ ತಿರುಗಿದರು.

"ರಿಲೇ ಏನ್ ಮಾಡ್ತದೆ?"

"ಮೋಟಾರು ತಡ್ಕೊಳ್ಳೋದಕ್ಕಿಂತ ಜಾಸ್ತಿ ಕರೆಂಟ್ ಎಳುದ್ರೆ ನಿಲ್ಲಿಸ್ಬುಡ್ತದೆ ಮೇಡಂ. ಮೋಟಾರಿನ ತಗಡಿನ ಮ್ಯಾಲೆ ಎಂಬತ್ತೆರಡು ಆಂಪ್ಸ್ ಅಂತ ಐತೆ. ಅಷ್ಟಕ್ಕೇ ಇಟ್ಟಿದ್ದೆ."

"ಈಗ?"

"ನೂರಿಪ್ಪತ್ತು."

"ಪಾಸ್‌ವರ್ಡ್ ಯಾರಿಗೆ ಗೊತ್ತು?"

ವಂಶಿ ತಲೆ ತಗ್ಗಿಸಿದ. "ಬಂದಾಗಿದ್ದ ನಾಕು ಸೊನ್ನೇನೇ ಬಿಟ್ಟಿದ್ದೆ. ಹತ್ರ ನಿಂತೋರ್ಗೆಲ್ಲ ಗೊತ್ತು. ಆದ್ರೆ ನಾನು ಮುಟ್ಟಿಲ್ಲ ಮೇಡಂ. ಕೇಸಾದ್ರೆ ಲೈಸೆನ್ಸ್ ಹೋಯ್ತದೆ. ಯಾವ ಮಿಲ್ನೋರೂ ಬಾಗ್ಲು ತೆಗಿಯಲ್ಲ."

"ಇವನಲ್ದೆ ಇನ್ಯಾರು? ಸಂಜೆಯೊಳ್ಗೆ ಒಳಗಾಕಿ ಮೇಡಂ," ಎಂದರು ರಘುನಾಥ್.

"ನಮ್ ಲಾಕಪ್ಪು ನಿಮ್ ಗೋಡೌನಲ್ಲ ಕಣಣ್ಣೋ, ಕಂಡಿದ್ನೆಲ್ಲ ಒಳಗಾಕಕ್ಕೆ," ಎಂದ ರುದ್ರೇಶ.

ಇಬ್ಬರು ಪಂಚರ ಎದುರು ಪಂಚನಾಮೆ ನಡೆಯಿತು. ರಿಲೇ ಇದ್ದ ಪೆಟ್ಟಿಗೆ ದೂರದ ಗೋಡೆಯಲ್ಲಿದ್ದುದರಿಂದ ಬೆಂಕಿಗೆ ಸಿಕ್ಕಿರಲಿಲ್ಲ. ಬಾಗಿಲಿನ ಮೇಲೆ ಸೋಮವಾರದ ಅಮಾವಾಸ್ಯೆ ಪೂಜೆಯ ವಿಭೂತಿ ಪಟ್ಟೆಗಳಿದ್ದವು. ಅದು ವಾಡಿಕೆಯಾದ್ದರಿಂದ ಯಾರೂ ಅದರತ್ತ ಗಮನ ಕೊಟ್ಟಿರಲಿಲ್ಲ. ಭ್ರಮರಾಂಬ ಬಗ್ಗಿ ನೋಡಿದರು. ರಿಲೇಯ ನಾಲ್ಕು ಗುಂಡಿಗಳಲ್ಲಿ ಎರಡರ ಮೇಲಷ್ಟೇ ವಿಭೂತಿ ಅಂಟಿತ್ತು: ಲೆಕ್ಕ ಏರಿಸುವ ಗುಂಡಿ, ಒಪ್ಪಿಗೆಯ ಗುಂಡಿ. ಇಳಿಸುವ ಗುಂಡಿ ಶುಭ್ರವಾಗಿತ್ತು. ಮೋಟಾರಿನ ಅಚ್ಚು ತಿರುಗುವ ಬೇರಿಂಗ್ ಸವೆದುಹೋಗಿದ್ದನ್ನು ವಂಶಿ ತೋರಿಸಿದ, ರಿಲೇಯ ದಾಖಲೆಯನ್ನೂ ತೆಗೆದು ತೋರಿಸಿದ. ತಿದ್ದಿದ್ದು ಸೋಮವಾರ ಬೆಳಿಗ್ಗೆ, ಪೂಜೆಯ ಹೊತ್ತಿನಲ್ಲೇ.

"ಪೂಜೆ ಯಾರು ಮಾಡೋದು?"

ರಘುನಾಥ್ ತಡವರಿಸಿದರು. "ಮುನೆಪ್ಪ. ಮೋಟಾರಿನ ಜತೆಗೇ ಇಲ್ಲಿಗೆ ಬಂದೋನು. ರಿಟೈರಾದ್ರೂ ಅಮಾಸೆ ಅಮಾಸೆಗೆ ಕಲ್ಯಾಣದುರ್ಗದಿಂದ ಬಸ್ನಾಗೆ ಬತ್ತಾನೆ."

"ಅವತ್ತು ಅವರಿಗೆ ಏನಾದ್ರೂ ಹೇಳಿದ್ರಾ?"

"ದಿನಾ ಟ್ರಿಪ್ ಆಗಿ ನಿಲ್ತದೆ, ಇನ್ನೊಂದ್ಸಲ ನಿಂತ್ರೆ ಗುಜರಿಗೆ ಹಾಕ್ತೀನಿ ಅಂದಿದ್ದೆ."

ಮಧ್ಯಾಹ್ನ ಮೂರರ ಹೊತ್ತಿಗೆ ಜೀಪು ಕಲ್ಯಾಣದುರ್ಗ ಮುಟ್ಟಿತು. ಮಿಲ್ಲಿದ್ದ ಜಾಗದಲ್ಲಿ ಮದುವೆ ಮಂಟಪ ಎದ್ದಿತ್ತು. ಹಿಂದಿನ ಬೀದಿ ಮಾತ್ರ ಹಾಗೇ ಇತ್ತು, ಮೌನವೊಂದು ಹೆಚ್ಚಾಗಿತ್ತು. ಜಗಲಿಯ ಮೇಲೆ ಕೂತಿದ್ದ ಮುನೆಪ್ಪ ಎದ್ದು ನಿಂತ. ಅವನ ಹೆಂಡತಿ ಕೊಂಡಮ್ಮ ಕಣ್ಣು ಕಿರಿದು ಮಾಡಿ ನೋಡಿದಳು.

"ಚಿನ್ನಕ್ಕನ ಮಗಳಲ್ವೇನಮ್ಮಾ? ಪೊಲೀಸಾಗ್ಬುಟ್ಯಾ! ಇರು, ಮಜ್ಜಿಗೆ ತತ್ತೀನಿ."

ಭ್ರಮರಾಂಬ ಮಜ್ಜಿಗೆಯ ಲೋಟ ಕೆಳಗಿಟ್ಟರು. "ತಾತಾ, ರಿಲೇ ತಿದ್ದಿದ್ದು ನೀವಾ?"

"ಅವುನಮ್ಮಾ, ನಾನೇ." ಮುನೆಪ್ಪ ಮರೆಮಾಚಲಿಲ್ಲ. "ಹಳೇ ಮಿಲ್ನಾಗೆ ತಿರುಪಿತ್ತು. ಸುಮ್ಸುಮ್ನೆ ನಿಂತ್ರೆ ಒಂಚೂರು ತಿರುಗಿಸ್ತಿದ್ವಿ. ಇದ್ರಾಗೆ ಗುಂಡಿ, ಅಷ್ಟೇಯ. ಗುಜರಿಗಾಕ್ತೀನಿ ಅಂದ್ಬುಟ್ಟ ಕಣಮ್ಮಾ ಆ ಮ್ಯಾನೇಜರು. ಅನ್ನ ಕೊಟ್ಟಿದ್ನ ಗುಜರಿಗಾಕ್ತಾರಾ?"

"ಬೇರಿಂಗ್ ಹೋಗಿತ್ತು ತಾತಾ. ಅದುಕ್ಕೇ ಕರೆಂಟ್ ಜಾಸ್ತಿ ಎಳೀತಿತ್ತು. ನೋಡ್ಲಿಲ್ವಾ?"

ಮುನೆಪ್ಪ ಮೂಲೆಯಿಂದ ಮೊಳದುದ್ದದ ಹೊಂಗೆಕೋಲು ತಂದ. ಒಂದು ತುದಿ ಬೇರಿಂಗಿಗೆ, ಇನ್ನೊಂದು ತುದಿ ಕಿವಿಗೆ ಹಚ್ಚಿ ಸದ್ದು ಕೇಳುವ ಕೋಲು. ವರ್ಷಗಟ್ಟಲೆ ಕಿವಿಗೆ ತಾಗಿ ಆ ತುದಿ ನುಣುಪಾಗಿತ್ತು. "ಪೂಜೆ ಆದ್ಮೇಲೆ ಹಚ್ಚಿ ಕೇಳ್ದೆ. ಒಂಚೂರೂ ಗರಗರ ಇಲ್ಲ. ಮೊದ್ಲಿನಂಗೇ ತಣ್ಣಗೆ ಹಾಡ್ತಿತ್ತು. ಆಮ್ಯಾಕೇ ಗುಂಡಿ ಒತ್ತಿದ್ದು," ಎಂದು ನಕ್ಕ.

ಭ್ರಮರಾಂಬ ಹೇಳಿಕೆ ಬರೆದುಕೊಳ್ಳಲು ತಲೆ ಬಗ್ಗಿಸಿದರು. ಬರೆಯುತ್ತಲೇ ಕೇಳಿದರು: "ಅಶೋಕನ ಕೈ ಸುಟ್ಟಿದ್ದು ಗೊತ್ತಾ?"

ಉತ್ತರ ಬರಲಿಲ್ಲ. ತಲೆಯೆತ್ತಿದರೆ ಮುನೆಪ್ಪ ಮೊದಲಿನ ನಗುವಿನಲ್ಲೇ ಕೂತಿದ್ದ. ಅವನ ಮುಖ ನೋಡುತ್ತ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರು. ಮುನೆಪ್ಪನ ಕಣ್ಣು ಅವರ ತುಟಿಯ ಮೇಲಿತ್ತು. ನಗು ಆರಿಹೋಯಿತು. ಕೋಲು ಕೈಯಿಂದ ಜಾರಿತು.

ಬಾಗಿಲಲ್ಲಿ ನಿಂತಿದ್ದ ಕೊಂಡಮ್ಮ ಸೆರಗನ್ನು ಬಾಯಿಗೊತ್ತಿಕೊಂಡಳು. "ಎರಡು ವರ್ಷದಿಂದ ಹಿಂಗೇ ಕಣಮ್ಮಾ. ಬಾಯಿ ನೋಡ್ಕಂಡೇ ಮಾತಾಡ್ತಾನೆ. ಯಾರ್ಗೂ ಹೇಳ್ಬ್ಯಾಡ, ನನ್ನ ಕಿವಿ ಹೋಯ್ತು ಅಂದ್ರೆ ಮೋಟಾರು ಮುಟ್ಟಕ್ಕೆ ಬಿಡಲ್ಲ ಅಂದಿದ್ದ."

ಮುನೆಪ್ಪ ತನ್ನ ಎರಡೂ ಕೈಗಳನ್ನು ನೋಡಿಕೊಂಡ. "ಆ ಹುಡುಗನ ಕೈ... ಸತ್ಯವಾಗ್ಲೂ ನಂಗೆ ಕೇಳಿಸ್ತಮ್ಮಾ. ಈಗ್ಲೂ ಕೇಳಿಸ್ತದೆ."

"ಗೊತ್ತು ತಾತಾ," ಎಂದರು ಭ್ರಮರಾಂಬ. ಆ ಬೀದಿಯಲ್ಲಿ ಬಾಳಿದವರಿಗೆ ಆ ಮೋಟಾರಿನ ಹಾಡು ಕೇಳಿಸದೆ ಇರಲು ಸಾಧ್ಯವಿರಲಿಲ್ಲ. ಅವರಿಗೂ ಕೇಳಿಸುತ್ತಿತ್ತು.

ಸಂಜೆ ಐದಕ್ಕೆ ಬಂಧನದ ಪತ್ರಕ್ಕೆ ಮುನೆಪ್ಪ ಸಹಿ ಹಾಕಿದ. ನಾಳೆಯೇ ಜಾಮೀನು ಸಿಗಬಹುದೆಂದು ಭ್ರಮರಾಂಬ ಕೊಂಡಮ್ಮನಿಗೆ ತಿಳಿಹೇಳಿದರು. ವಂಶಿಗೆ ತಾವೇ ಫೋನು ಮಾಡಿ ನೆಮ್ಮದಿಯಾಗಿರಲು ಹೇಳಿದರು. ವರದಿಯಲ್ಲಿ ಕೃತ್ಯದ ಉದ್ದೇಶವನ್ನು ಒಂದೇ ಸಾಲಿನಲ್ಲಿ ಬರೆದರು: ಮೋಟಾರನ್ನು ಉಳಿಸಿಕೊಳ್ಳುವುದು.

ರುದ್ರೇಶ ಜೀಪು ಚಾಲೂ ಮಾಡಿದ. ಕಟಕಟ ಸದ್ದು ಬೀದಿಯನ್ನೆಲ್ಲ ತುಂಬಿತು. ಹತ್ತುವ ಮುನ್ನ ಮುನೆಪ್ಪ ಚಪ್ಪಲಿ ಬಿಟ್ಟು, ಬಾನೆಟ್ಟನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಆಮೇಲೆ ಅಭ್ಯಾಸಬಲದಿಂದ ಕಿವಿಯನ್ನು ಅದಕ್ಕೆ ಹಚ್ಚಿದ.

"ಚೆನ್ನಾಗಿ ಮಡಗಿದ್ದೀಯ ಕಣಪ್ಪಾ," ಎಂದ. "ಒಂಚೂರೂ ಸದ್ದಿಲ್ಲ."

ಬೆಳಗಿನಿಂದ ಜೀಪನ್ನು ಬೈಯುತ್ತಿದ್ದ ರುದ್ರೇಶ ಮುನೆಪ್ಪನ ಕಡೆ ಪೂರ್ತಿ ತಿರುಗಿ, ತುಟಿ ಕಾಣುವ ಹಾಗೆ ನಿಧಾನವಾಗಿ ಹೇಳಿದ:

"ಹೂಂ ತಾತಾ. ಹೊಸಾದು."